ಒಂದು ಹಳೇ ದೋಣಿ, ಐದಾರು ಅಂಕಿ, ಒಂದು ಕಾರ್ಡು

ಭಾಗ 1/8: ನಂಬರ್ ಇದೆ, ವಿಳಾಸ ಇಲ್ಲ

ಗೆಳೆಯರೇ, ಈ ಸರಣಿಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ, ಶಾಸನ ಇಲ್ಲ. ಒಂದು ಮರದ ದೋಣಿ ಇದೆ ಅಷ್ಟೇ. ಆದ್ರೆ ಇತಿಹಾಸದ ಕ್ಲಾಸಲ್ಲಿ 'ಆಧಾರ' ಅಂತ ನಮಗೆ ಹೇಳಿಕೊಡ್ತಾರಲ್ಲ, ಅದು ನಿಜವಾಗಿ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸೋಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಹೀಗೆ ಊಹಿಸಿಕೊಳ್ಳಿ. ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿ ಒಂದು ಹಳೇ ಮನೆ ಮಾರಾಟಕ್ಕಿದೆ. ಹಿತ್ತಲಿನ ಕೊಟ್ಟಿಗೆಯ ತೊಲೆಗೆ ಒಂದು ದೋಣಿಯನ್ನು ಬೋರಲು ನೇತುಹಾಕಿದ್ದಾರೆ. ಮೈಮೇಲಿನ ಬಟ್ಟೆ ಹರಿದಿದೆ, ಬಣ್ಣ ಎದ್ದಿದೆ, ಕಂಪನಿಯ ಹೆಸರು ಎಲ್ಲೂ ಇಲ್ಲ. ಮನೆಯವರು ಹೇಳ್ತಾರೆ: "ಇದು ನಮ್ಮ ಮುತ್ತಜ್ಜ 1905ರಲ್ಲಿ ತಂದದ್ದು." ಹಳೇ ಸಾಮಾನಿನ ವ್ಯಾಪಾರಿ ಹೇಳ್ತಾನೆ: "ಇದು ತುಂಬಾ ಅಪರೂಪದ್ದು." ಪಕ್ಕದ ಮನೆಯವರು ಹೇಳ್ತಾರೆ: "ಇಂಥವು ಊರ ತುಂಬಾ ಇದ್ವು."

ಮೂರು ಜನ, ಮೂರು ಮಾತು. ಯಾರನ್ನು ನಂಬ್ತೀರಿ?

ದೋಣಿಯ ಒಳಗೆ, ತುದಿಯ ಕಟ್ಟಿಗೆಯಲ್ಲಿ, ಧೂಳಿನ ಕೆಳಗೆ ಕೆಲವು ಅಂಕಿಗಳನ್ನು ಒತ್ತಿದ್ದಾರೆ. ನಿಮ್ಮ ಬೈಕಿನ ಚಾಸಿ ನಂಬರ್ ಇದ್ದ ಹಾಗೆ. ಆದ್ರೆ ಚಾಸಿ ನಂಬರ್ ಒಂದೇ ಇದ್ದರೆ ಏನು ಪ್ರಯೋಜನ? ಅದನ್ನು ತಾಳೆ ನೋಡೋಕೆ ಆರ್‌ಸಿ ಬೇಕು. ಈ ದೋಣಿಗಳ ವಿಶೇಷ ಏನಂದ್ರೆ, ನೂರು ವರ್ಷದ ಹಿಂದಿನ ಅವುಗಳ 'ಆರ್‌ಸಿ' ಇವತ್ತಿಗೂ ಉಳಿದಿದೆ. ಒಂದಲ್ಲ ಎರಡಲ್ಲ, ಎರಡು ಲಕ್ಷಕ್ಕೂ ಹೆಚ್ಚು.

ಭಾಗ 2/8: ತೊಗಟೆಯಿಂದ ಬಟ್ಟೆಗೆ

ಮೊದಲು ದೋಣಿಯ ಪರಿಚಯ ಆಗಲಿ. ಕನೂ ಅಂದ್ರೆ ಎರಡೂ ತುದಿ ಚೂಪಾಗಿರೋ, ಹುಟ್ಟು ಹಾಕಿ ನಡೆಸೋ, ಇಬ್ಬರು ಎತ್ತಿ ಹೊತ್ತುಕೊಂಡು ಹೋಗಬಹುದಾದ ಹಗುರ ದೋಣಿ.

ಮೇನ್‌ನ ಪೆನಾಬ್‌ಸ್ಕಾಟ್ ನದಿ ಆ ಹೆಸರಿನ ಮೂಲನಿವಾಸಿ ಜನರ ನದಿ. ಅವರು ಬರ್ಚ್ ಮರದ ತೊಗಟೆಯಿಂದ ಕನೂ ಕಟ್ಟುತ್ತಿದ್ದರು. ಕಟ್ಟುವ ಕ್ರಮ ಗಮನಿಸಿ: ಮೊದಲು ತೊಗಟೆಯ ಹೊರಮೈ, ಆಮೇಲೆ ಒಳಗಿನಿಂದ ತೆಳು ಹಲಗೆ, ಕೊನೆಗೆ ಅದನ್ನೆಲ್ಲ ಬಿಗಿಯಾಗಿ ಒತ್ತಿ ಹಿಡಿಯೋ ಪಕ್ಕೆಲುಬುಗಳು. ಹೊಲಿಗೆಗೆ ಮರದ ಬೇರು, ಸಂದು ಮುಚ್ಚೋಕೆ ಮರದ ಅಂಟು. 1857ರಲ್ಲಿ ಲೇಖಕ ಹೆನ್ರಿ ಡೇವಿಡ್ ಥೋರೊ ಮೇನ್‌ನ ಕಾಡು ಸುತ್ತಿದ್ದು ಇಂಥದ್ದೇ ದೋಣಿಯಲ್ಲಿ. ದಾರಿ ತೋರಿಸಿದವರು ಜೋ ಪೋಲಿಸ್ ಎಂಬ ಪೆನಾಬ್‌ಸ್ಕಾಟ್ ವ್ಯಕ್ತಿ.

ದೊಡ್ಡ ಬರ್ಚ್ ಮರಗಳು ಕಡಿಮೆಯಾಗ್ತಾ ಬಂದ ಹಾಗೆ ತೊಗಟೆಯ ಬದಲು ಕ್ಯಾನ್ವಾಸ್ ಬಟ್ಟೆ ಬಂತು. ಬ್ಯಾಂಗರ್ ಪಟ್ಟಣದ ಈ. ಎಚ್. ಗೆರಿಶ್ ಇಂಥ ದೋಣಿಗಳನ್ನು ವ್ಯಾಪಾರಕ್ಕೆ ಅಂತ ಕಟ್ಟಿದ ಮೊದಲಿಗರಲ್ಲಿ ಒಬ್ಬರು. ಅದೇ ನದಿಯ ದಂಡೆಯ ಓಲ್ಡ್ ಟೌನ್ ಅನ್ನೋ ಊರಲ್ಲಿ ಜಾರ್ಜ್ ಗ್ರೇ ಅವರದ್ದು ಒಂದು ಹಾರ್ಡ್‌ವೇರ್ ಅಂಗಡಿ. 1898ರಲ್ಲಿ ಆ ಅಂಗಡಿಯ ಹಿಂದೆ ಎ. ಇ. ವಿಕೆಟ್ ಎಂಬ ಕುಶಲಕರ್ಮಿಯಿಂದ ದೋಣಿ ಕಟ್ಟಿಸೋಕೆ ಶುರು ಮಾಡಿದರು. ಅದೇ ಬೆಳೆದು 'ಓಲ್ಡ್ ಟೌನ್ ಕನೂ ಕಂಪನಿ' ಆಯ್ತು.

ಬಟ್ಟೆ ಬಂದಾಗ ಕಟ್ಟುವ ಕ್ರಮವೇ ತಲೆಕೆಳಗಾಯ್ತು. ಮೊದಲು ಒಳಗಿನ ಪಕ್ಕೆಲುಬು, ಆಮೇಲೆ ಹಲಗೆ, ಕೊನೆಗೆ ಹೊರಮೈ. ಆದ್ರೆ ಆಕಾರ? ಅದು ಮಾತ್ರ ಬಹುಪಾಲು ತೊಗಟೆಯ ದೋಣಿಯದ್ದೇ. ಈ ಮಾತು ನೆನಪಲ್ಲಿರಲಿ. ಭಾಗ 7ರಲ್ಲಿ ಬೇಕಾಗುತ್ತೆ.

ಭಾಗ 3/8: ಕಾರ್ಡಿನಲ್ಲಿ ಏನಿರುತ್ತೆ?

ಕಾರ್ಖಾನೆಯೊಳಗೆ ಹೋಗೋಣ. ಅಲ್ಲಿ ದೋಣಿಯ ಆಕಾರದ್ದೇ ಒಂದು ದೊಡ್ಡ ಮರದ ಅಚ್ಚು ಇರುತ್ತೆ, ಬೋರಲಾಗಿ. ಅದರ ಮೇಲೆ ಸಾಲಾಗಿ ಲೋಹದ ಪಟ್ಟಿಗಳು. ಸೀಡರ್ ಮರದ ಪಟ್ಟಿಗಳನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಅಚ್ಚಿನ ಮೇಲೆ ಬಗ್ಗಿಸ್ತಾರೆ. ಇವೇ ಪಕ್ಕೆಲುಬು. ಅವುಗಳ ಮೇಲೆ ತೆಳು ಸೀಡರ್ ಹಲಗೆ ಇಟ್ಟು ಹಿತ್ತಾಳೆ ಮೊಳೆ ಹೊಡೀತಾರೆ. ಮೊಳೆಯ ತುದಿ ಕೆಳಗಿನ ಲೋಹದ ಪಟ್ಟಿಗೆ ತಾಗಿ, ತಾನೇ ಹಿಂದಕ್ಕೆ ಬಾಗಿ ಮರದಲ್ಲಿ ಕಚ್ಚಿಕೊಳ್ಳುತ್ತೆ. ಆಮೇಲೆ ಅಚ್ಚಿನಿಂದ ಬಿಡಿಸಿ, ಮೇಲೆ ಕ್ಯಾನ್ವಾಸ್ ಎಳೆದು ಬಿಗೀತಾರೆ. ಬಟ್ಟೆಯ ನೇಯ್ಗೆಯ ಸಂದು ತುಂಬೋಕೆ ಅಗಸೆ ಎಣ್ಣೆ, ಸಿಲಿಕಾ ಪುಡಿ ಎಲ್ಲ ಸೇರಿಸಿದ ಲೇಪ ಹಚ್ಚಿ ಒಣಗೋಕೆ ಬಿಡ್ತಾರೆ. ಅದು ದಿನಗಟ್ಟಲೆ ಅಲ್ಲ, ವಾರಗಟ್ಟಲೆ ಒಣಗಬೇಕು. ಕೊನೆಗೆ ಅಂಚುಪಟ್ಟಿ, ಬಣ್ಣ, ವಾರ್ನಿಶ್.

ಒಂದೊಂದು ಹಂತಕ್ಕೂ ಬೇರೆ ಬೇರೆ ಕೈ, ಬೇರೆ ಬೇರೆ ದಿನ. ಒಂದೇ ಸಮಯಕ್ಕೆ ಎಷ್ಟೋ ದೋಣಿ ಎಷ್ಟೋ ಹಂತದಲ್ಲಿರುತ್ತೆ. ಯಾವುದು ಯಾವುದು ಅಂತ ಗೊತ್ತಾಗೋದು ಹೇಗೆ? ಅದಕ್ಕೇ ಪ್ರತಿ ದೋಣಿಗೂ ಒಂದು ನಂಬರ್, ಆ ನಂಬರಿಗೆ ಒಂದು ದಾಖಲೆ.

ಕಾರ್ಡಿನಲ್ಲಿ ಬರೆಯುತ್ತಿದ್ದದ್ದು ಇಷ್ಟು: ಉದ್ದ ಎಷ್ಟು ಅಡಿ. ಯಾವ ಮಾದರಿ. ಯಾವ ದರ್ಜೆ. ಹಲಗೆ ಯಾವ ಸೀಡರ್, ಬಿಳಿಯೋ ಕೆಂಪೋ. ಅಂಚುಪಟ್ಟಿ, ಅಡ್ಡಪಟ್ಟಿ, ಸೀಟು ಯಾವ ಮರ. ತಳದಲ್ಲಿ ಕೀಲ್ ಪಟ್ಟಿ ಇದೆಯೋ ಇಲ್ಲವೋ. ಹೊರಬಣ್ಣ ಯಾವುದು. ಹಲಗೆ ಹೊಡೆದ ದಿನ, ಕ್ಯಾನ್ವಾಸ್ ಹಾಕಿದ ದಿನ, ಲೇಪ ಹಚ್ಚಿದ ದಿನ, ಬಣ್ಣದ ದಿನ, ವಾರ್ನಿಶ್ ದಿನ. ಕೊನೆಗೆ ಯಾವತ್ತು, ಯಾವ ಊರಿಗೆ ಕಳಿಸಿದರು.

ಇತಿಹಾಸಕ್ಕಾಗಿ ಬರೆದದ್ದಲ್ಲ ಇದು. ಕೆಲಸ ಎಲ್ಲಿಗೆ ಬಂತು ಅಂತ ಗೊತ್ತಾಗಲಿ ಅಂತ ಬರೆದದ್ದು. ನಮಗೆ ಇದರ ಮೇಲೆ ನಂಬಿಕೆ ಬರೋದೂ ಅದಕ್ಕೇ. ಹಲಗೆ ಹೊಡೆದ ತಾರೀಕಿನ ಬಗ್ಗೆ ಸುಳ್ಳು ಬರೆದು ಯಾರಿಗೆ ಏನು ಲಾಭ?

ಭಾಗ 4/8: ನಂಬರ್ ಓದೋದು ಅಷ್ಟು ಸುಲಭ ಅಲ್ಲ

ನಂಬರ್ ಎಲ್ಲಿರುತ್ತೆ? ದೋಣಿಯ ಎರಡೂ ತುದಿಯಲ್ಲಿ, ನೆಲದಿಂದ ಬಾಗಿ ಮೇಲಕ್ಕೆ ಏಳೋ ಒಂದು ಕಟ್ಟಿಗೆ ಇದೆ. ಅದಕ್ಕೆ ಸ್ಟೆಮ್ ಅಂತಾರೆ. ಅದರ ಒಳಮುಖದಲ್ಲಿ, ನೆಲದ ಹತ್ತಿರ, ಅಂಕಿಗಳನ್ನು ಒತ್ತಿರುತ್ತಾರೆ. ಓದೋಕೆ ತಲೆಯನ್ನು ದೋಣಿಯ ಮೂತಿಯೊಳಗೆ ತುರುಕಬೇಕು.

ಇಲ್ಲಿ ಮೂರು ತೊಡಕು.

ಒಂದು: ದೋಣಿಯೊಳಗೆ ನೀರು, ಕಸ, ಒದ್ದೆ ಎಲೆ ಎಲ್ಲ ಹೋಗಿ ನಿಲ್ಲೋದು ತುದಿಗಳಲ್ಲೇ. ಹಾಗಾಗಿ ಮರ ಮೊದಲು ಕೊಳೆಯೋದೂ ಅಲ್ಲೇ. ದೋಣಿಯ ಗುರುತನ್ನು ಬರೆದ ಜಾಗವೇ ಮೊದಲು ಅಳಿಯುತ್ತೆ! ಪುಣ್ಯಕ್ಕೆ ನಂಬರ್ ಎರಡೂ ತುದಿಯಲ್ಲಿದೆ. ಒಂದು ಕಡೆ ಅರ್ಧ ಅಳಿಸಿದ್ರೆ ಇನ್ನೊಂದು ಕಡೆ ನೋಡಬಹುದು.

ಎರಡು: ವಾರ್ನಿಶ್ ಪದರಗಳು ಅಂಕಿಯನ್ನು ಮುಚ್ಚಿರುತ್ತವೆ. 3 ಮತ್ತು 8, 1 ಮತ್ತು 7 ಒಂದೇ ಥರ ಕಾಣುತ್ತವೆ. ಟಾರ್ಚನ್ನು ನೇರವಾಗಿ ಹಿಡಿಯೋ ಬದಲು ಪಕ್ಕದಿಂದ ಓರೆಯಾಗಿ ಹಿಡಿದರೆ ಹಳ್ಳದಲ್ಲಿ ನೆರಳು ಬಿದ್ದು ಅಂಕಿ ಎದ್ದು ಕಾಣುತ್ತೆ. ಸವೆದ ಶಾಸನ ಓದೋಕೂ ಇದೇ ಉಪಾಯ. ಮುಂದಿನ ಸಲ ವೀರಗಲ್ಲು ನೋಡೋಕೆ ಹೋದಾಗ ಪ್ರಯತ್ನಿಸಿ.

ಮೂರು: ಅಂಕಿಗಳನ್ನೆಲ್ಲ ಒಟ್ಟಿಗೆ ಓದಿಬಿಡೋದು. ಸುಮ್ಮನೆ ಉದಾಹರಣೆಗೆ, 54321 17 ಅಂತ ಇದೆ ಅಂದ್ಕೊಳ್ಳಿ. ಅದು ಐವತ್ನಾಲ್ಕು ಲಕ್ಷ ಚಿಲ್ಲರೆ ಅಲ್ಲ. ದೋಣಿಯ ನಂಬರ್ 54321, ಉದ್ದ 17 ಅಡಿ. ಕೊನೆಯ ಎರಡು ಅಂಕಿ ಅಳತೆ. ಟೇಪು ಹಿಡಿದು ಅಳೆದು ನೋಡಿ. 17 ಅಡಿಗೆ ಹತ್ತಿರ ಬಂದರೆ ಮೊದಲ ತಾಳೆ ಸಿಕ್ಕಿತು.

ರಿಪೇರಿ ಮಾಡುವವರಿಗೆ ಒಂದು ಮಾತು. ಕೊಳೆತ ಸ್ಟೆಮ್ ತೆಗೆದು ಹೊಸದು ಹಾಕಲೇಬೇಕಾಗುತ್ತೆ, ತಪ್ಪಲ್ಲ. ಆದ್ರೆ ಹಳೇ ತುಂಡನ್ನು ಒಲೆಗೆ ಹಾಕೋ ಮುಂಚೆ ನಂಬರಿನ ಫೋಟೋ ತೆಗೆಯದಿದ್ದರೆ, ಆ ದೋಣಿ ಅವತ್ತಿನಿಂದ ಅನಾಥ.

ಭಾಗ 5/8: ಕಾರ್ಡು ಸಿಕ್ಕಿತು, ಈಗ ತಾಳೆ ನೋಡಿ

ನಂಬರ್ ಸಿಕ್ಕಿತು, ಕಾರ್ಡೂ ಸಿಕ್ಕಿತು. ಕೆಲಸ ಮುಗೀತಾ? ಇಲ್ಲ, ಈಗ ಶುರು.

ಕಾರ್ಡು ಹೇಳಿದ್ದನ್ನು ದೋಣಿಯ ಮೈ ಒಪ್ಪುತ್ತಾ ಅಂತ ನೋಡಬೇಕು. ಬದಲಾಗೋ ಭಾಗ ಯಾವುದು, ಬದಲಾಗದ ಭಾಗ ಯಾವುದು ಅನ್ನೋದು ಇಲ್ಲಿ ಮುಖ್ಯ. ಕ್ಯಾನ್ವಾಸ್ ಕೆಲವು ದಶಕಕ್ಕೊಮ್ಮೆ ಬದಲಾಗುತ್ತೆ, ಅದರ ಜೊತೆ ಬಣ್ಣವೂ ಹೋಗುತ್ತೆ. ಹಾಗಾಗಿ ಕಾರ್ಡಿನಲ್ಲಿ ಕಡು ಹಸಿರು ಅಂತಿದ್ದು, ಎದುರಿಗಿರೋ ದೋಣಿ ಕೆಂಪಗಿದ್ದರೆ ಗಾಬರಿ ಬೇಡ. ಆದ್ರೆ ಕಾರ್ಡು 16 ಅಡಿ ಅಂತ ಹೇಳಿ, ದೋಣಿ 18 ಅಡಿ ಇದ್ದರೆ? ದೋಣಿ ಬೆಳೆಯಲ್ಲ. ನಂಬರ್ ತಪ್ಪಾಗಿ ಓದಿದ್ದೀರಿ, ಇಲ್ಲಾ ಇದು ಬೇರೆ ಕಂಪನಿಯದ್ದು.

ದರ್ಜೆ ನೋಡಿ. ಓಲ್ಡ್ ಟೌನ್‌ನಲ್ಲಿ 'ಎಎ' ಅಂದ್ರೆ ಮಹಾಗನಿಯಂಥ ಬೆಲೆಬಾಳೋ ಮರದ ಅಂಚು, ಅಡ್ಡಪಟ್ಟಿ. 'ಸಿಎಸ್' ಅಂದ್ರೆ 'ಕಾಮನ್ ಸೆನ್ಸ್' ದರ್ಜೆ. ಸ್ಪ್ರೂಸ್ ಅಂಚು, ಗಟ್ಟಿ, ಸರಳ, ಅಗ್ಗ. ಕಾರ್ಡಿನಲ್ಲಿ ಸಿಎಸ್ ಅಂತಿದ್ದು ದೋಣಿಯಲ್ಲಿ ಮಹಾಗನಿ ಅಂಚು ಇದ್ದರೆ, ಆಮೇಲೆ ಯಾರೋ ಬದಲಾಯಿಸಿದ್ದಾರೆ. ಅದೂ ಒಂದು ಕಥೆಯೇ. ಕಾರ್ಡಿನಲ್ಲಿ ಕೀಲ್ ಇದೆ, ದೋಣಿಯಲ್ಲಿ ಇಲ್ಲ ಅಂದ್ರೆ ತಳದ ನಡುಗೆರೆಯಲ್ಲಿ ಹಳೇ ತಿರುಪಿನ ತೂತುಗಳಿವೆಯಾ ಹುಡುಕಿ. ಮರ ಅಷ್ಟು ಬೇಗ ಮರೆಯಲ್ಲ.

ತಾರೀಕಿನ ವಿಷಯದಲ್ಲಿ ನಾವು ಭಾರತೀಯರು ವಿಶೇಷ ಎಚ್ಚರ ವಹಿಸಬೇಕು. ಅಮೆರಿಕದವರು ಮೊದಲು ತಿಂಗಳು, ಆಮೇಲೆ ದಿನ ಬರೀತಾರೆ. 5/12 ಅಂದ್ರೆ ಡಿಸೆಂಬರ್ 5 ಅಲ್ಲ, ಮೇ 12. ಇನ್ನೊಂದು, 'ಕಟ್ಟಿದ ವರ್ಷ' ಮತ್ತು 'ಕಳಿಸಿದ ವರ್ಷ' ಎರಡೂ ಒಂದೇ ಆಗಿರಬೇಕಿಲ್ಲ. ಕಟ್ಟಿದ ದೋಣಿ ಗಿರಾಕಿ ಬರೋ ತನಕ ಗೋದಾಮಿನಲ್ಲಿ ಕಾದಿರಬಹುದು.

ಈಗ ಮುತ್ತಜ್ಜನ ಮಾತಿಗೆ ಬನ್ನಿ. ನಮ್ಮ ಕಲ್ಪಿತ ಕುಟುಂಬ 1905 ಅಂದಿತ್ತು. ಕಾರ್ಡು 1922 ಅಂತ ಹೇಳಿತು ಅಂದ್ಕೊಳ್ಳಿ. ಕುಟುಂಬದವರು ಸುಳ್ಳು ಹೇಳಿದ್ರಾ? ಅವಸರ ಬೇಡ. ಮುತ್ತಜ್ಜನ ಮೊದಲ ದೋಣಿ ಹಾಳಾಗಿ ಎರಡನೇದು ತಂದಿರಬಹುದು. ಮನೆ ಕಟ್ಟಿದ ವರ್ಷ ದೋಣಿಗೆ ಅಂಟಿಕೊಂಡಿರಬಹುದು. ಕಾರ್ಡು ದೋಣಿ ಹುಟ್ಟಿದ ದಿನ ಹೇಳುತ್ತೆ, ಮನೆಯವರ ನೆನಪು ದೋಣಿಯ ಜೊತೆಗಿನ ಬದುಕು ಹೇಳುತ್ತೆ. ವರ್ಷದ ವಿಷಯಕ್ಕೆ ಕಾರ್ಡು ಕೇಳಿ. ಯಾರು ಹುಟ್ಟು ಹಾಕಿದ್ರು, ಯಾರು ಮೀನು ಹಿಡಿದ್ರು ಅನ್ನೋದಕ್ಕೆ ಅಜ್ಜಿಯನ್ನೇ ಕೇಳಿ.

ಭಾಗ 6/8: ಕಾಗದ ಸುಟ್ಟರೆ ಏನಾಗುತ್ತೆ?

ಓಲ್ಡ್ ಟೌನ್‌ನಿಂದ ನದಿಯ ಕೆಳಗಡೆ ವೀಜಿ ಅನ್ನೋ ಊರು. ಅಲ್ಲಿ ಬಿ. ಎನ್. ಮಾರಿಸ್ ಎಂಬವರ ಕಾರ್ಖಾನೆ ಇತ್ತು. ಆ ಕಾಲದ ಅತಿ ಚೆಂದದ ಕನೂಗಳಲ್ಲಿ ಅವರದ್ದೂ ಸೇರಿತ್ತು. 1919ರ ಡಿಸೆಂಬರ್‌ನಲ್ಲಿ ಆ ಕಾರ್ಖಾನೆಗೆ ಬೆಂಕಿ ಬಿತ್ತು.

ಮಾರಿಸ್ ದೋಣಿಗಳು ಇವತ್ತೂ ಇವೆ. ಅವುಗಳ ಒಳ ಅಂಚುಪಟ್ಟಿಗೆ ಹೊಡೆದ ಚಿಕ್ಕ ಹಿತ್ತಾಳೆ ಫಲಕದಲ್ಲಿ ನಂಬರ್ ಕೂಡ ಇದೆ. ಆದ್ರೆ ಆ ನಂಬರ್ ಹಿಡಿದು ಹೋದರೆ ತೆರೆದು ನೋಡೋಕೆ ಕಾರ್ಡೇ ಇಲ್ಲ. ಬೀಗದ ಕೈ ಇದೆ, ಬಾಗಿಲು ಸುಟ್ಟುಹೋಗಿದೆ.

ಹಾಗಂತ ಕೈಚೆಲ್ಲಿ ಕೂರಲಿಲ್ಲ ಅಭ್ಯಾಸಿಗಳು. ಉಳಿದಿರೋ ದೋಣಿಗಳ ನಂಬರ್‌ಗಳನ್ನು ಒಂದೊಂದಾಗಿ ಕಲೆಹಾಕಿದರು. ಯಾವ ನಂಬರಿನ ದೋಣಿಗೆ ತುದಿಯ ಹಲಗೆ ಯಾವ ಆಕಾರ, ಸ್ಟೆಮ್ ಹೇಗೆ ಅಗಲವಾಗಿದೆ, ಸೀಟು ಹೇಗಿದೆ ಅಂತ ಪಟ್ಟಿ ಮಾಡಿ, ಹಳೇ ಕ್ಯಾಟಲಾಗ್‌ಗಳ ಜೊತೆ ಹೋಲಿಸಿದರು. ಅದರಿಂದ 'ಸುಮಾರು ಇಂಥ ವರ್ಷ' ಅನ್ನೋ ತನಕ ಬರಬಹುದು. ದಿನಾಂಕವೇ ಇಲ್ಲದ ಶಾಸನದ ಕಾಲವನ್ನು ಲಿಪಿ ನೋಡಿ ಹೇಳ್ತಾರಲ್ಲ, ಹಾಗೇ. ಆದ್ರೆ ಆ ದೋಣಿ ಯಾವ ಊರಿಗೆ ಹೋಯ್ತು, ಮೊದಲು ಯಾವ ಬಣ್ಣ ಇತ್ತು ಅನ್ನೋದು ಹೋದದ್ದು ಹೋಯ್ತು.

ಇನ್ನೊಂದು ಥರದ ಗೋಜಲೂ ಇದೆ. ವಾಟರ್‌ವಿಲ್‌ನ ಕೆನೆಬೆಕ್ ಕಂಪನಿ, ಓಲ್ಡ್ ಟೌನ್‌ನದ್ದೇ ಕಾರ್ಲ್‌ಟನ್ ಕಂಪನಿ, ಇವರೂ ನಂಬರ್ ಒತ್ತುತ್ತಿದ್ದರು, ಇವರ ದಾಖಲೆಗಳೂ ಉಳಿದಿವೆ. ಕಾರ್ಲ್‌ಟನ್ನನ್ನು 1910ರಲ್ಲಿ ಓಲ್ಡ್ ಟೌನ್ ಕಂಪನಿಯೇ ಕೊಂಡುಕೊಂಡಿತು, ಆಮೇಲೂ ಆ ಹೆಸರಿನ ದೋಣಿ ಮಾರಾಟಕ್ಕಿತ್ತು. ಆದ್ರೆ ನಂಬರಿನ ಸರಣಿ ಬೇರೆ. ಅಂದ್ರೆ ಒಂದೇ ನಂಬರ್ ಎರಡು ಬೇರೆ ಬೇರೆ ದೋಣಿಗಳ ಮೇಲೆ ಇರಬಹುದು! ಓಲ್ಡ್ ಟೌನ್ ಕಾರ್ಡು ಸಿಕ್ಕಿ, ಉದ್ದ, ಮರ, ಮಾದರಿ ಯಾವುದೂ ಹೊಂದದಿದ್ರೆ ಕಾರ್ಲ್‌ಟನ್ ಸರಣಿಯಲ್ಲಿ ಹುಡುಕಬೇಕು. ಅದಕ್ಕೇ ಹೇಳಿದ್ದು, ಬರೀ ನಂಬರ್ ನಂಬಬೇಡಿ. ಕಾಗದ ಮರಕ್ಕೆ ಸಾಕ್ಷಿ ಹೇಳಬೇಕು, ಮರ ಕಾಗದಕ್ಕೆ.

ಭಾಗ 7/8: ಕಾರ್ಡಿನಲ್ಲಿ ಇಲ್ಲದ ಹೆಸರುಗಳು

ಇಲ್ಲಿವರೆಗೆ ಕಾರ್ಡನ್ನು ಹೊಗಳಿದ್ದಾಯ್ತು. ಈಗ ಕಾರ್ಡು ಏನು ಹೇಳಲ್ಲ ಅಂತ ನೋಡೋಣ. ನನ್ನ ಪ್ರಕಾರ ಈ ಸರಣಿಯ ಮುಖ್ಯ ಭಾಗ ಇದೇ.

ಕಳಿಸಿದ ಊರು ಇರುತ್ತೆ. ಆದ್ರೆ ಎಷ್ಟೋ ದೋಣಿಗಳು ಮೊದಲು ಹೋದದ್ದು ಅಂಗಡಿಗೆ. ಅಲ್ಲಿಂದ ಯಾರು ಕೊಂಡರು ಅನ್ನೋದು ಕಾರ್ಡಿಗೆ ಗೊತ್ತಿಲ್ಲ. ಹಾಗಾಗಿ ಕಾರ್ಡು ಸಿಕ್ಕ ಮಾತ್ರಕ್ಕೆ ಮುತ್ತಜ್ಜ ಸಿಗಲ್ಲ.

ಇನ್ನೊಂದು ಮೌನ ಇದಕ್ಕಿಂತ ದೊಡ್ಡದು. ಓಲ್ಡ್ ಟೌನ್ ಊರಿನ ಎದುರಿಗೆ, ನದಿಯ ನಡುವೆ ಇಂಡಿಯನ್ ಐಲ್ಯಾಂಡ್ ಅನ್ನೋ ದ್ವೀಪ ಇದೆ. ಪೆನಾಬ್‌ಸ್ಕಾಟ್ ಜನರ ನೆಲೆ ಅದು. ಅಲ್ಲಿಗೆ ಸೇತುವೆ ಬಂದದ್ದು 1950ರಲ್ಲಿ. ಅದಕ್ಕೂ ಮುಂಚೆ ದೋಣಿಯಲ್ಲಿ ದಾಟಬೇಕು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ನಡೀಬೇಕು. ಆ ದ್ವೀಪದ ಜನ ಈಚೆ ದಂಡೆಗೆ ಬಂದು ಕನೂ ಕಾರ್ಖಾನೆಯಲ್ಲಿ ದುಡಿದಿದ್ದಾರೆ. ದೋಣಿಯ ಆಕಾರ ಅವರ ಹಿರಿಯರದ್ದು. ಕಂಪನಿ ಆರಂಭದಲ್ಲಿ ತನ್ನ ಹೆಸರಿನಲ್ಲೇ 'ಇಂಡಿಯನ್' ಅನ್ನೋ ಪದ ಇಟ್ಟುಕೊಂಡಿತ್ತು.

ಕಾರ್ಡಿನಲ್ಲಿ ಮರದ ಜಾತಿ ಇದೆ. ಬಣ್ಣದ ಹೆಸರಿದೆ. ಆದ್ರೆ ಈ ಆಕಾರ ಯಾರ ಕೈಯಿಂದ ಬಂತು ಅಂತ ಬರೆಯೋಕೆ ಅಲ್ಲಿ ಒಂದು ಗೆರೆಯೂ ಇಲ್ಲ.

ಥೋರೊ ಜೋ ಪೋಲಿಸ್ ಅವರ ತೊಗಟೆ ದೋಣಿಯ ಅಳತೆ ಬರೆದಿಟ್ಟಿದ್ದರಿಂದ ಅದು ಹದಿನೆಂಟು ಅಡಿ ಚಿಲ್ಲರೆ ಉದ್ದ ಇತ್ತು ಅಂತ ಇವತ್ತು ನಮಗೆ ಗೊತ್ತು. ಒಬ್ಬ ಲೇಖಕ ಪ್ರಯಾಣ ಮಾಡಿದ, ಹಾಗಾಗಿ ಒಂದು ದೋಣಿಯ ವಿವರ ಉಳಿಯಿತು. ಅದಕ್ಕೂ ಮುಂಚೆ ಆ ನದಿಯಲ್ಲಿ ಓಡಾಡಿದ ಸಾವಿರಾರು ತೊಗಟೆ ದೋಣಿಗಳಿಗೆ ನಂಬರ್ ಇಲ್ಲ, ಕಾರ್ಡಿಲ್ಲ. ಅವುಗಳ ದಾಖಲೆ ಇದ್ದದ್ದು ಕಟ್ಟುವವರ ಕೈಯಲ್ಲಿ, ಹೇಳಿಕೊಡುವವರ ಬಾಯಲ್ಲಿ.

ಹಾಗಾದ್ರೆ ಅವುಗಳಿಗೆ ಇತಿಹಾಸ ಇಲ್ಲವಾ? ಖಂಡಿತ ಇದೆ. ಕಾಗದ ಉಳಿದವರ ಕಥೆ ಸುಲಭವಾಗಿ ಸಿಗುತ್ತೆ, ಉಳಿಯದವರ ಕಥೆಗೆ ಹೆಚ್ಚು ಹುಡುಕಬೇಕು. ನಮ್ಮ ತುಂಗಭದ್ರೆಯ ಹರಿಗೋಲಿನ ಬಗ್ಗೆ ಯೋಚಿಸಿ. ಬಿದಿರು ಹೆಣೆದು, ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಟಾರು. ಯಾವ ಹರಿಗೋಲಿಗೆ ಯಾರು ನಂಬರ್ ಒತ್ತಿ ಕಾರ್ಡು ಬರೆದಿದ್ದಾರೆ?

ಭಾಗ 8/8: ಈಗ ನಿಮ್ಮ ಸರದಿ

ಓಲ್ಡ್ ಟೌನ್ ದಾಖಲೆಗಳು ಸುಮಾರು 1906ರಿಂದ 1976ರ ತನಕದ ದೋಣಿಗಳದ್ದು. ಮಾರಿಸ್ ಕಾಗದದ ಗತಿ ಇವುಗಳಿಗೂ ಬರಬಹುದಿತ್ತು, ಒಂದು ಬೆಂಕಿ ಸಾಕು. ಹಾಗಾಗದಿರಲಿ ಅಂತ ಅವುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿದರು. 1979ರಲ್ಲಿ ಹುಟ್ಟಿದ 'ವುಡನ್ ಕನೂ ಹೆರಿಟೇಜ್ ಅಸೋಸಿಯೇಷನ್' ಸುತ್ತ ಸೇರಿದ ಕನೂ ಪ್ರೇಮಿಗಳು ಇವತ್ತೂ ಯಾರಾದ್ರೂ ನಂಬರ್ ಕೊಟ್ಟರೆ ಕಾರ್ಡು ಹುಡುಕಿ ಕೊಡ್ತಾರೆ. ಬಹುತೇಕ ಬಿಟ್ಟಿ ಕೆಲಸ, ಪ್ರೀತಿಗೆ ಮಾಡೋದು.

ನಮ್ಮ ಮನೆಯಲ್ಲಿ ಕನೂ ಇಲ್ಲ, ನಿಜ. ಆದ್ರೆ ಎಷ್ಟೋ ಮನೆಗಳಲ್ಲಿ ಅಜ್ಜಿಯ ಹೊಲಿಗೆ ಮೆಷಿನ್ ಇದೆ. ಅದು ಹಳೇ ಸಿಂಗರ್ ಆಗಿದ್ದರೆ ಅದರ ಮೈಮೇಲೊಂದು ನಂಬರ್ ಇರುತ್ತೆ. 1900ರ ನಂತರದವಕ್ಕೆ ನಂಬರಿನ ಮುಂದೆ ಇಂಗ್ಲಿಷ್ ಅಕ್ಷರವೂ ಇರುತ್ತೆ. ಉದಾಹರಣೆಗೆ 'ವೈ' ಇದ್ದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದ್ದು. 1980ರಲ್ಲಿ ಮುಚ್ಚಿದ ಕಾರ್ಖಾನೆ ಅದು. ಆ ನಂಬರ್‌ಗಳ ಪಟ್ಟಿಯೂ ಉಳಿದಿದೆ. ಒಂದು ವ್ಯತ್ಯಾಸ ಮಾತ್ರ ಗಮನಿಸಿ: ಸಿಂಗರ್ ಪಟ್ಟಿ ಹೇಳೋದು ನಂಬರ್‌ಗಳ ಒಂದು ಕಂತನ್ನು ಕಾರ್ಖಾನೆಗೆ ಹಂಚಿದ ದಿನ. ಕನೂ ಕಾರ್ಡಿನ ಹಾಗೆ ಆ ಒಂದೇ ಮೆಷಿನ್ನಿನ ಜಾತಕ ಅಲ್ಲ. ಯಾವ ದಾಖಲೆ ಎಷ್ಟು ಹೇಳುತ್ತೆ, ಎಲ್ಲಿಗೆ ನಿಲ್ಲುತ್ತೆ ಅಂತ ತಿಳಿಯೋದೇ ಅರ್ಧ ಇತಿಹಾಸ.

ಈ ವಾರ ಇಷ್ಟು ಮಾಡಿ. ಮನೆಯ ಒಂದು ಹಳೇ ವಸ್ತು ಆರಿಸಿ. ಹೊಲಿಗೆ ಮೆಷಿನ್, ಗಡಿಯಾರ, ರೇಡಿಯೋ, ತಕ್ಕಡಿ, ಯಾವುದಾದ್ರೂ. ಟಾರ್ಚ್ ಓರೆ ಹಿಡಿದು ನಂಬರ್ ಹುಡುಕಿ, ಫೋಟೋ ತೆಗೀರಿ, ಅಳತೆ ಬರೆದಿಡಿ. ಆಮೇಲೆ ಅದರ ಬಗ್ಗೆ ಮನೆಯ ಹಿರಿಯರು ಹೇಳೋದನ್ನು ಅವರ ಮಾತಲ್ಲೇ ರೆಕಾರ್ಡ್ ಮಾಡಿ. ಎರಡೂ ಹೊಂದದಿದ್ದರೆ ಅಳಿಸಬೇಡಿ, ಪಕ್ಕಪಕ್ಕದಲ್ಲಿಡಿ.

ನಂಬರ್ ಇಲ್ಲದ ವಸ್ತು ಸಿಕ್ಕರೆ? ಒರಳು, ಕಣಜ, ಹರಿಗೋಲು? ಅದರ ಕಾರ್ಡು ನೀವೇ ಬರೀರಿ. ಏನು, ಎಷ್ಟು ಉದ್ದ, ಯಾವ ಮರ, ಯಾವ ಊರು. ಮತ್ತೆ ಆ ಕಾರ್ಖಾನೆಯ ಕಾರ್ಡು ಬಿಟ್ಟುಬಿಟ್ಟ ಒಂದು ಸಾಲು, ಅದನ್ನು ಮಾತ್ರ ಮರೀಬೇಡಿ: ಮಾಡಿದವರು ಯಾರು.

ಬರೆದದ್ದನ್ನು ಕಾಮೆಂಟಲ್ಲಿ ಹಾಕಿ, ಎಲ್ಲರೂ ಓದೋಣ.

#ಇತಿಹಾಸ #ಹಳೇವಸ್ತು #ಕನ್ನಡ